ಹಲ್ಲಿನ ಕ್ಲಿಪ್ ಬಿಗಿ ಮಾಡಿಸಿದ ವಾರ ಶುಗರ್ ಏರುತ್ತಿತ್ತು: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಹುಡುಗಿಗೆ ಆಗ ಹದಿನಾರು ವರ್ಷ. ಎಂಟನೇ ವಯಸ್ಸಿನಿಂದ ಟೈಪ್ 1 ಡಯಾಬಿಟಿಸ್, ಅಂದರೆ ದೇಹ ತಾನಾಗಿ ಇನ್ಸುಲಿನ್ ತಯಾರಿಸಲಾರದ ಸಕ್ಕರೆ ಕಾಯಿಲೆ, ಇದೆ. ಅವಳ ಮತ್ತು ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಒಂದಷ್ಟು ವಿವರ ಬದಲಿಸಿದ್ದೇನೆ. ಯಾವ ತೀರ್ಮಾನ ಯಾವಾಗ ಆಯಿತು, ಯಾಕೆ ಆಯಿತು ಎನ್ನುವುದನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ. ನಾನು ಒಸಡಿನ ಚಿಕಿತ್ಸೆ ಮಾಡುವ ದಂತವೈದ್ಯ. ಹಾಗಾಗಿ ಇದು ಬಾಯಿಯ ಕಡೆಯಿಂದ ನೋಡಿದ ಕಥೆ. ಅವಳ ಡಯಾಬಿಟಿಸ್ ಡಾಕ್ಟರ್ ಬರೆದಿದ್ದರೆ ಒತ್ತು ಬೇರೆ ಕಡೆ ಬೀಳುತ್ತಿತ್ತು.

ಹಿನ್ನೆಲೆ

ಮೊದಲ ಐದಾರು ವರ್ಷ ಎಲ್ಲ ಚೆನ್ನಾಗಿಯೇ ಇತ್ತು. ದಿನಕ್ಕೊಮ್ಮೆ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್, ಪ್ರತಿ ಊಟಕ್ಕೆ ಮೊದಲು ಬೇಗ ಕೆಲಸ ಮಾಡುವ ಇನ್ಸುಲಿನ್. ತೋಳಿನ ಮೇಲೆ ಶುಗರ್ ಅಳೆಯುತ್ತಲೇ ಇರುವ ಸೆನ್ಸರ್. ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು-ಮೂರು ತಿಂಗಳ ಶುಗರ್ ಸರಾಸರಿ ಹೇಗಿತ್ತು ಎಂದು ಹೇಳುವ ಪರೀಕ್ಷೆ, 7.5ರ ಆಸುಪಾಸಿನಲ್ಲಿ ಇರುತ್ತಿತ್ತು. ಮಕ್ಕಳಲ್ಲಿ ಸಾಮಾನ್ಯವಾಗಿ 7ರ ಒಳಗೆ ತರಲು ನೋಡುತ್ತಾರೆ. ಅದಕ್ಕೆ ಸ್ವಲ್ಪ ಮೇಲೆ ಇದ್ದರೂ ಯಾರೂ ತಲೆ ಕೆಡಿಸಿಕೊಳ್ಳುವಂತೆ ಇರಲಿಲ್ಲ.

ಹದಿನಾಲ್ಕು ದಾಟಿದ ಮೇಲೆ ಅದು ಏರತೊಡಗಿತು. 8.2 ಆಯಿತು, ಆಮೇಲೆ 8.9, ಕೊನೆಗೆ 9.9. ಯಾರಿಗೂ ಆಶ್ಚರ್ಯ ಆಗಲಿಲ್ಲ. ಹರೆಯದಲ್ಲಿ ಗ್ರೋತ್ ಹಾರ್ಮೋನ್ ಜಾಸ್ತಿಯಾದಾಗ ಇನ್ಸುಲಿನ್‌ನ ಪ್ರಭಾವ ತಗ್ಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಲ್ಲರಿಗೂ ಗೊತ್ತಿರುವ ಕಾರಣ ಕೈಗೆ ಸಿಕ್ಕಿದರೆ ಬೇರೆ ಕಾರಣ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ, ಅಲ್ವಾ? ಪ್ರತಿ ಭೇಟಿಯಲ್ಲೂ ಇನ್ಸುಲಿನ್ ಒಂದಿಷ್ಟು ಏರಿಸಿದರು. ಮನೆಯಲ್ಲಿ ಬೇರೆಯದೇ ಅನುಮಾನ. ಕದ್ದು ಏನೋ ತಿನ್ನುತ್ತಿದ್ದಾಳೆ ಎಂದು ಅಮ್ಮ. ಇಂಜೆಕ್ಷನ್ ತಪ್ಪಿಸುತ್ತಿದ್ದಾಳೆ ಎಂದು ಅಪ್ಪ. ಹುಡುಗಿ ಎರಡಕ್ಕೂ ಉತ್ತರ ಕೊಡುವುದನ್ನೇ ನಿಲ್ಲಿಸಿದ್ದಳು.

ಇದೇ ಸಮಯದಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದಳು. ಮುಂದಿನ ಹಲ್ಲುಗಳು ಒಂದರ ಮೇಲೊಂದು ಬಂದಿದ್ದವು. ಅದನ್ನು ಸರಿ ಮಾಡಿಸಬೇಕು ಎಂದು ಹಟ ಹಿಡಿದವಳು ಅವಳೇ. ಕ್ಲಿಪ್ ಹಾಕಿದ ಕೆಲವೇ ತಿಂಗಳಲ್ಲಿ ಬ್ರಷ್ ಮಾಡಿದರೆ ರಕ್ತ ಬರತೊಡಗಿತು. "ಸರಿಯಾಗಿ ಉಜ್ಜು" ಎಂದರು. ಉಜ್ಜಿದರೆ ಇನ್ನೂ ರಕ್ತ. ಗಾಯಕ್ಕೆ ಕೈ ಹಾಕುತ್ತಿದ್ದೇನೆ ಅನ್ನಿಸಿ ರಕ್ತ ಬರುವ ಜಾಗಕ್ಕೆ ಬ್ರಷ್ ಮುಟ್ಟಿಸುವುದನ್ನೇ ಬಿಟ್ಟಳು. ಒಸಡಿನಲ್ಲಿ ರಕ್ತ ಬಂದಾಗ ಬಹಳ ಜನ ಹೀಗೇ ಮಾಡುತ್ತಾರೆ. ಬ್ರಷ್ ತಲುಪಬೇಕಾದದ್ದು ಅದೇ ಜಾಗಕ್ಕೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಸಮಸ್ಯೆ

ಕ್ಲಿಪ್ ಡಾಕ್ಟರ್ ಅವಳನ್ನು ನನ್ನ ಹತ್ತಿರ ಕಳಿಸಿದ್ದು ಒಸಡು ಉಬ್ಬಿ ಹಲ್ಲಿಗೆ ಅಂಟಿಸಿದ ಬ್ರಾಕೆಟ್‌ಗಳನ್ನು ಮುಚ್ಚತೊಡಗಿದಾಗ. ಚೀಟಿಯಲ್ಲಿ "ಒಸಡು ಊದಿದೆ, ಡಯಾಬಿಟಿಸ್ ಇದೆ" ಎಂದಷ್ಟೇ ಇತ್ತು. ಎಚ್‌ಬಿಎ1ಸಿ ಎಷ್ಟು ಎಂದು ಬರೆದಿರಲಿಲ್ಲ.

ಒಸಡು ಪರೀಕ್ಷಿಸಲು ನಾವು ಬಳಸುವುದು ಮಿಲಿಮೀಟರ್ ಗುರುತು ಇರುವ ಮೊಂಡು ತುದಿಯ ಸಣ್ಣ ಕಡ್ಡಿ. ಒಸಡು ಮತ್ತು ಹಲ್ಲಿನ ನಡುವೆ ಮೆಲ್ಲಗೆ ಇಳಿಸಿ ಎಷ್ಟು ಆಳ ಹೋಗುತ್ತದೆ ಎಂದು ಓದುತ್ತೇವೆ. ಒಂದೊಂದು ಹಲ್ಲಿಗೆ ಆರು ಕಡೆ. ಒಂದರಿಂದ ಮೂರು ಮಿಲಿಮೀಟರ್ ಇದ್ದು ರಕ್ತ ಬರದಿದ್ದರೆ ಒಸಡು ಚೆನ್ನಾಗಿದೆ ಎಂದರ್ಥ. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಲ್ಲೊಂದು ಜೇಬು ಆಗಿದೆ. ಬ್ರಷ್ ಅದರ ತಳ ಮುಟ್ಟುವುದಿಲ್ಲ. ನಾನು ಸಂಖ್ಯೆ ಹೇಳುತ್ತಾ ಹೋಗುತ್ತೇನೆ, ಸಹಾಯಕಿ ಬರೆದುಕೊಳ್ಳುತ್ತಾರೆ. "ಮೂರು, ಎರಡು, ಮೂರು. ನಾಲ್ಕು, ಮೂರು, ಐದು, ರಕ್ತ." ಅರ್ಧ ಬಾಯಿ ಮುಗಿಯುವಷ್ಟರಲ್ಲಿ ಹುಡುಗಿ ಕೈ ಎತ್ತಿ ನಿಲ್ಲಿಸಿದಳು.

"ಡಾಕ್ಟ್ರೇ, ಇದರಲ್ಲೂ ನಂಬರ್ ಕಮ್ಮಿ ಇದ್ರೆ ಒಳ್ಳೇದಾ?"

ಹೌದು ಎಂದೆ.

"ಎಲ್ಲಾ ಕಡೆ ನಂದು ಜಾಸ್ತೀನೇ ಬರುತ್ತೆ ಬಿಡಿ," ಎಂದು ಮತ್ತೆ ಬಾಯಿ ತೆರೆದಳು.

ಎಂಟು ವರ್ಷದಿಂದ ನಂಬರ್ ಕೇಳಿಸಿಕೊಂಡೇ ಬೆಳೆದ ಮಗು. ಪ್ರತಿ ನಂಬರೂ ಅವಳಿಗೆ ಪರೀಕ್ಷೆಯ ಅಂಕ ಇದ್ದ ಹಾಗೆ. ಅಂದಿನಿಂದ ಅವಳ ಮುಂದೆ ಸಂಖ್ಯೆ ಹೇಳುವಾಗಲೆಲ್ಲ ಈ ಮಾತು ನನ್ನ ಗಮನದಲ್ಲಿ ಇರುತ್ತಿತ್ತು.

ಒಟ್ಟು ಜಾಗಗಳಲ್ಲಿ ನೂರಕ್ಕೆ 64ರಲ್ಲಿ ರಕ್ತ ಬಂತು. ಮುಂದಿನ ಹಲ್ಲುಗಳ ಹತ್ತಿರದ ಆಳದಲ್ಲಿ ಹೆಚ್ಚಿನದು ಒಸಡು ಮೇಲಕ್ಕೆ ಉಬ್ಬಿದ್ದರಿಂದ ಆದದ್ದು. ಅಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಕೆಳಗಿನ ಎರಡು ದವಡೆ ಹಲ್ಲುಗಳ ಹತ್ತಿರ ಐದು ಮಿಲಿಮೀಟರ್ ಬಂತು. ಎಕ್ಸ್‌ರೇಯಲ್ಲಿ ಮೂಳೆಯ ಅಂಚು ಸ್ವಲ್ಪ ಕೆಳಗೆ ಸರಿದದ್ದು ಕಂಡಿತು. ಊದಿದ ಒಸಡು ಚಿಕಿತ್ಸೆಯಿಂದ ಮೊದಲಿನಂತೆ ಆಗುತ್ತದೆ. ಕರಗಿದ ಮೂಳೆ ಹಾಗೆ ತಾನಾಗಿ ವಾಪಸ್ ಬರುವುದಿಲ್ಲ. ಹದಿನಾರಕ್ಕೇ ಮೂಳೆ ಕರಗಲು ಶುರುವಾಗಿದೆ ಎಂದರೆ ಅದನ್ನು ಹಗುರವಾಗಿ ತಗೊಳ್ಳುವ ಹಾಗಿಲ್ಲ.

ಸಣ್ಣ ವಯಸ್ಸಿನವರಲ್ಲಿ ಒಸಡು ಇಷ್ಟು ಉಬ್ಬಿ ರಕ್ತ ಬರುತ್ತಿದ್ದರೆ "ಡಯಾಬಿಟಿಸ್ ಇದೆಯಲ್ಲ, ಅದಕ್ಕೇ" ಎಂದು ಅಲ್ಲಿಗೇ ನಿಲ್ಲಿಸಬಾರದು. ಕೆಲವು ಮಾತ್ರೆಗಳಿಂದ ಒಸಡು ಬೆಳೆಯುತ್ತದೆ: ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಅಂಗ ಕಸಿ ಆದವರಿಗೆ ಕೊಡುವ ಸೈಕ್ಲೋಸ್ಪೋರಿನ್, ಬಿಪಿಯ ಕೆಲವು ಮಾತ್ರೆಗಳು. ಅವಳು ಅಂಥದ್ದೇನೂ ತಗೊಳ್ಳುತ್ತಿರಲಿಲ್ಲ. ಅಪರೂಪಕ್ಕೆ ರಕ್ತದ ಕ್ಯಾನ್ಸರ್ ಕೂಡ ಮೊದಲು ಒಸಡಿನಲ್ಲೇ ಕಾಣಿಸಿಕೊಳ್ಳುತ್ತದೆ. ಹಾಗಾಗಿ ರಕ್ತಕಣಗಳ ಎಣಿಕೆ ಮಾಡಿಸಿದೆ, ಸರಿಯಾಗಿತ್ತು. ಉಳಿದದ್ದು ಮೂರು ಸೇರಿ ಆದದ್ದು. ಕ್ಲಿಪ್ ಸುತ್ತ ಕಟ್ಟಿದ ಪ್ಲಾಕ್ (ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾದ ಪದರ), ಆ ಪ್ಲಾಕ್‌ಗೆ ಒಸಡು ಅತಿಯಾಗಿ ಕೆರಳುವಂತೆ ಮಾಡುವ ಹರೆಯದ ಹಾರ್ಮೋನ್, ಮತ್ತು ಜಾಸ್ತಿ ಇದ್ದ ಶುಗರ್.

ಶುಗರ್ ಒಸಡಿಗೆ ಏನು ಮಾಡುತ್ತದೆ ಎನ್ನುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಶುಗರ್ ಜಾಸ್ತಿ ಇದ್ದಾಗ ಬ್ಯಾಕ್ಟೀರಿಯಾ ಜೊತೆ ಹೋರಾಡುವ ಬಿಳಿ ರಕ್ತಕಣಗಳು ತಮ್ಮ ಕೆಲಸ ಸರಿಯಾಗಿ ಮಾಡುವುದಿಲ್ಲ. ಸಕ್ಕರೆ ಅಂಟಿಕೊಂಡು ಕೆಟ್ಟ ಪ್ರೋಟೀನ್‌ಗಳು ಉರಿಯೂತವನ್ನು ಆರಲು ಬಿಡುವುದಿಲ್ಲ. ಗಾಯ ಮಾಯುವುದೂ ನಿಧಾನ. ಬಾಯಿಯೂ ಒಣಗುತ್ತದೆ. ಇನ್ನೊಂದು ದಿಕ್ಕಿನಲ್ಲಿ, ಒಸಡಿನ ಉರಿಯೂತದಿಂದ ರಕ್ತಕ್ಕೆ ಸೇರುವ ಟಿಎನ್‌ಎಫ್ ಆಲ್ಫಾ, ಐಎಲ್-6 ಮುಂತಾದ ಉರಿಯೂತದ ರಾಸಾಯನಿಕಗಳು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. 1993ರಲ್ಲೇ ಹರಾಲ್ಡ್ ಲೋ ಎನ್ನುವ ಸಂಶೋಧಕರು ಒಸಡಿನ ಕಾಯಿಲೆಯನ್ನು ಡಯಾಬಿಟಿಸ್‌ನ ಆರನೇ ತೊಡಕು ಎಂದು ಕರೆದಿದ್ದರು. ಇದು ವಯಸ್ಸಾದವರ ಪಾಡು ಎಂದುಕೊಳ್ಳುವವರು ಇದ್ದಾರೆ. ಡಯಾಬಿಟಿಸ್ ಇರುವ ಮಕ್ಕಳಲ್ಲೂ ಹಲ್ಲಿನ ಆಧಾರ ಸಡಿಲವಾಗುವುದು ಬೇಗ ಶುರುವಾಗುತ್ತದೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ.

2018ರಲ್ಲಿ ಪ್ರಕಟವಾದ ಒಸಡಿನ ಕಾಯಿಲೆಯ ಹೊಸ ವರ್ಗೀಕರಣದಲ್ಲಿ ಎಚ್‌ಬಿಎ1ಸಿ ನೇರವಾಗಿ ಒಳಗೆ ಬಂದಿದೆ. ಡಯಾಬಿಟಿಸ್ ಇದ್ದು ಅದು 7 ಅಥವಾ ಅದಕ್ಕಿಂತ ಮೇಲಿದ್ದರೆ, ಕಾಯಿಲೆ ವೇಗವಾಗಿ ಬೆಳೆಯಬಹುದಾದ ಗ್ರೇಡ್ ಸಿಗೆ ಸೇರಿಸಬೇಕು. ಅಂದರೆ ಆ ನಂಬರ್ ಕೇಳದೆ ನಾನು ರೋಗನಿರ್ಣಯವನ್ನೇ ಪೂರ್ತಿ ಬರೆಯಲಾರೆ. ಅವಳದು ಸ್ಟೇಜ್ 2 (ಇದುವರೆಗಿನ ಹಾನಿ ಮಧ್ಯಮ ಮಟ್ಟದ್ದು), ಗ್ರೇಡ್ ಸಿ ಎಂದಾಯಿತು.

ಗ್ರಾಫ್ ಮತ್ತು ಕ್ಲಿಪ್ ಕಾರ್ಡ್

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸಾಮಾನ್ಯ ಪ್ರಕರಣ. ಕ್ಲೀನಿಂಗ್ ಮಾಡಿ, ಬ್ರಷ್ ಮಾಡುವುದನ್ನು ಹೇಳಿಕೊಟ್ಟು ಕಳಿಸಬಹುದಿತ್ತು. ದಾರಿ ಬದಲಾದದ್ದು ಇನ್ಸುಲಿನ್, ಊಟದ ಲೆಕ್ಕ ಹೇಳಿಕೊಡುವ ಅವಳ ಡಯಾಬಿಟಿಸ್ ಎಜುಕೇಟರ್‌ಗೆ ಫೋನ್ ಮಾಡಿದಾಗ. ಚಿಕಿತ್ಸೆಯ ದಿನ ಇನ್ಸುಲಿನ್ ಹೇಗೆ ಎಂದು ಕೇಳುವುದಷ್ಟೇ ನನ್ನ ಉದ್ದೇಶ. ಅವರು ಉಲ್ಟಾ ಒಂದು ಪ್ರಶ್ನೆ ಕೇಳಿದರು: "ಅವಳಿಗೆ ಅಗಿಯೋಕೆ ನೋವಾಗುತ್ತಾ?"

ನಾನು ಕೇಳಿರಲಿಲ್ಲ. ಒಸಡಿನ ಕಾಯಿಲೆ ಸಾಮಾನ್ಯವಾಗಿ ನೋಯುವುದಿಲ್ಲ, ಅದಕ್ಕೇ ಜನ ತಡವಾಗಿ ಬರುತ್ತಾರೆ. ಎಜುಕೇಟರ್‌ಗೆ ಅನುಮಾನ ಬಂದದ್ದು ಬೇರೆ ಕಾರಣಕ್ಕೆ. ಸೆನ್ಸರ್ ಗ್ರಾಫ್‌ನಲ್ಲಿ ಅವಳ ಶುಗರ್ ದಿನವೂ ಒಂದೇ ಥರ ಕೆಟ್ಟಿರಲಿಲ್ಲ. ಎರಡು-ಮೂರು ವಾರ ತಕ್ಕಮಟ್ಟಿಗೆ ಇರುತ್ತಿತ್ತು. ಆಮೇಲೆ ಮೂರ್ನಾಲ್ಕು ದಿನ ಊಟದ ನಂತರ ಸಿಕ್ಕಾಪಟ್ಟೆ ಏರುತ್ತಿತ್ತು. ಮತ್ತೆ ಇಳಿಯುತ್ತಿತ್ತು. ಮುಟ್ಟಿನ ದಿನಗಳಿಗೆ ಹೊಂದಿಸಿ ನೋಡಿದ್ದರು, ಹೊಂದಲಿಲ್ಲ. ಶಾಲೆಯ ಪರೀಕ್ಷೆಗಳಿಗೂ ಹೊಂದಲಿಲ್ಲ.

ಮುಂದಿನ ಭೇಟಿಗೆ ಅಮ್ಮ ಕ್ಲಿಪ್ ಡಾಕ್ಟರ್ ಕೊಟ್ಟ ಕಾರ್ಡ್ ತಂದಿದ್ದರು. ತಂತಿ ಬಿಗಿ ಮಾಡಿದ ದಿನಾಂಕಗಳೆಲ್ಲ ಅದರಲ್ಲಿ ಇದ್ದವು. ಹುಡುಗಿಯ ಫೋನಿನಲ್ಲಿ ಗ್ರಾಫ್ ತೆರೆದು, ಕಾರ್ಡನ್ನು ಪಕ್ಕಕ್ಕೆ ಹಿಡಿದು ನೋಡಿದೆವು. ಪ್ರತಿ ಬಾರಿ ಬಿಗಿ ಮಾಡಿಸಿದ ಮರುದಿನದಿಂದಲೇ ಏರಿಕೆ ಶುರು. ಒಂದು ತಿಂಗಳು ಮಾತ್ರ ಏರಿಕೆ ಇರಲಿಲ್ಲ. ಆ ತಿಂಗಳು ಅವಳು ಹೋಗಿಯೇ ಇರಲಿಲ್ಲ.

"ಬಿಗಿ ಮಾಡಿಸಿದ ಮೇಲೆ ಊಟ ಹೇಗೆ ಮಾಡ್ತೀಯ?" ಎಂದು ಕೇಳಿದೆ.

ಅಮ್ಮನ ಕಡೆ ಒಮ್ಮೆ ನೋಡಿ ಹೇಳಿದಳು. ತಂತಿ ಬಿಗಿಯಾದ ದಿನ ಹಲ್ಲಿಗೆ ಹಲ್ಲು ತಾಗಿದರೂ ನೋವು. ಅದರ ಮೇಲೆ ಊದಿದ ಒಸಡು. ಒಮ್ಮೆ ಇನ್ಸುಲಿನ್ ತಗೊಂಡು ಊಟಕ್ಕೆ ಕೂತವಳು ನಾಲ್ಕು ತುತ್ತಿಗೇ ಬಿಟ್ಟು ಎದ್ದಿದ್ದಳು. ಶಾಲೆಯಲ್ಲಿ ಶುಗರ್ ಲೋ ಆಗಿ, ಕೈಕಾಲು ನಡುಗಿ, ಎಲ್ಲರ ಮುಂದೆ ಕುಸಿದಿದ್ದಳು. ಆಮೇಲಿಂದ ಬಾಯಿ ನೋಯುವ ದಿನಗಳಲ್ಲಿ ಊಟಕ್ಕೆ ಮೊದಲು ಇನ್ಸುಲಿನ್ ತಗೊಳ್ಳುವುದನ್ನೇ ಬಿಟ್ಟಿದ್ದಳು. "ಎಷ್ಟು ತಿನ್ನೋಕಾಗುತ್ತೆ ಅಂತ ನಂಗೇ ಗೊತ್ತಿರಲ್ಲ. ತಿಂದಾದ್ಮೇಲೆ ತಗೊಳ್ಳೋಣ ಅಂದ್ಕೋತೀನಿ. ಆಮೇಲೆ ಮರ್ತೋಗುತ್ತೆ." ಗಟ್ಟಿ ಪದಾರ್ಥ ಬಿಟ್ಟು ಅಗಿಯದೆ ನುಂಗುವಂಥದ್ದು, ಕುಡಿಯುವಂಥದ್ದು ಜಾಸ್ತಿಯಾಗಿತ್ತು. ಅದೆಲ್ಲ ಶುಗರನ್ನು ಬೇಗ ಏರಿಸುವಂಥದ್ದೇ.

ಕದ್ದು ತಿನ್ನುತ್ತಿದ್ದಾಳೆ ಎಂಬ ಅನುಮಾನ ಅಲ್ಲೇ ಮುಗಿಯಿತು. ಅಮ್ಮ ಏನೂ ಮಾತಾಡಲಿಲ್ಲ. ಮಗಳ ಬೆನ್ನ ಮೇಲೆ ಕೈ ಇಟ್ಟು ಕೂತರು.

ಎಜುಕೇಟರ್ ಮಾತ್ರ ಇನ್ನೊಂದು ಪ್ರಶ್ನೆ ಬಿಡಲಿಲ್ಲ. ನೋವಿಗೆ ಯಾವ ಮಾತ್ರೆ? ಪ್ಯಾರಾಸಿಟಮಾಲ್. ಕೆಲವು ಸೆನ್ಸರ್‌ಗಳಲ್ಲಿ ಪ್ಯಾರಾಸಿಟಮಾಲ್ ತಗೊಂಡಾಗ ಶುಗರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹಾಗಾದರೆ ಆ ಏರಿಕೆ ಬರೀ ಸೆನ್ಸರ್‌ನ ಸುಳ್ಳೇ? ಬೆರಳು ಚುಚ್ಚಿ ನೋಡಿದ ಹಳೆಯ ಲೆಕ್ಕ ಗ್ಲುಕೋಮೀಟರ್‌ನಲ್ಲಿ ಉಳಿದಿತ್ತು. ಆ ದಿನಗಳಲ್ಲಿ ಅದೂ ಜಾಸ್ತಿಯೇ ಇತ್ತು. ಏರಿಕೆ ನಿಜ. ಎಜುಕೇಟರ್ ಈ ಪ್ರಶ್ನೆ ಕೇಳಿದ್ದು ನನಗೆ ತುಂಬಾ ಹಿಡಿಸಿತು. ಅಂದವಾಗಿ ಹೊಂದುವ ಕಥೆ ಸಿಕ್ಕಾಗ ಅದನ್ನು ಒಡೆದು ನೋಡುವವರು ಒಬ್ಬರಾದರೂ ಬೇಕು.

ಏನು ಮಾಡಿದೆವು

ಮೊದಲ ತೀರ್ಮಾನ: ಈಗಲೇ ಕ್ಲೀನಿಂಗ್ ಮಾಡುವುದೋ, ಶುಗರ್ ಇಳಿಯುವ ತನಕ ಕಾಯುವುದೋ? "ಎಚ್‌ಬಿಎ1ಸಿ 8ಕ್ಕೆ ಬರಲಿ, ಆಮೇಲೆ ಕಳಿಸಿ" ಎನ್ನುವ ದಂತವೈದ್ಯರು ಬಹಳ ಮಂದಿ ಇದ್ದಾರೆ. ಒಸಡು ಕತ್ತರಿಸುವ ಸರ್ಜರಿಗೆ ಆ ಮಾತು ಸರಿ, ಗಾಯ ಮಾಯಬೇಕಲ್ಲ. ಆದರೆ ಒಸಡಿನ ಕೆಳಗೆ ಕಟ್ಟಿದ ಪ್ಲಾಕ್ ಮತ್ತು ಅದು ಗಟ್ಟಿಯಾಗಿ ಆದ ಟಾರ್ಟರ್ ತೆಗೆಯುವುದು ಸೋಂಕಿನ ಮೂಲವನ್ನೇ ತೆಗೆಯುವ ಕೆಲಸ. ಅದನ್ನು ಮುಂದೂಡಿದರೆ ಎರಡು ಕಡೆಯವರೂ ಒಬ್ಬರಿಗೊಬ್ಬರು ಕಾಯುತ್ತಾ ಕೂರುವುದೇ ಆಗುತ್ತದೆ. ಶುರು ಮಾಡಿದೆವು.

ಎರಡನೆಯದು ಆಂಟಿಬಯೋಟಿಕ್. ಸಣ್ಣ ವಯಸ್ಸು, ಮೂಳೆ ಕರಗಿದೆ, ಶುಗರ್ ಜಾಸ್ತಿ. ಬರೆದುಕೊಡುವುದಕ್ಕೆ ಬೇಕಾದಷ್ಟು ನೆಪ ಇತ್ತು. ಬರೆಯಲಿಲ್ಲ. ಮೂಳೆ ಹೋಗಿದ್ದು ಎರಡು ಜಾಗದಲ್ಲಿ ಮಾತ್ರ. ಕಣ್ಣಿಗೆ ಕಾಣುವಷ್ಟು ಪ್ಲಾಕ್ ಇದೆ. ಅದನ್ನು ತೆಗೆದರೆ ಏನಾಗುತ್ತದೆ ಎಂದು ಮೊದಲು ನೋಡೋಣ, ಮೂರು ತಿಂಗಳಲ್ಲಿ ಸುಧಾರಿಸದಿದ್ದರೆ ಆಗ ಯೋಚಿಸೋಣ ಎಂದುಕೊಂಡೆ.

ಕಷ್ಟ ಆದದ್ದು ಮೂರನೆಯದು. ಒಸಡು ಉರಿಯುತ್ತಿರುವಾಗ ಹಲ್ಲನ್ನು ಎಳೆದರೆ ಮೂಳೆ ಇನ್ನೂ ಬೇಗ ಹೋಗಬಹುದು. ಹಾಗಾಗಿ ಹಲ್ಲು ಸರಿಸುವ ಕೆಲಸವನ್ನು ಕೆಲವು ತಿಂಗಳು ನಿಲ್ಲಿಸಬೇಕಿತ್ತು. ಕ್ಲಿಪ್ ಡಾಕ್ಟರ್ ತಕ್ಷಣ ಒಪ್ಪಿದರು. ಎಳೆಯುವ ತಂತಿ ತೆಗೆದು, ಹಲ್ಲು ಇದ್ದಲ್ಲೇ ಹಿಡಿದಿಡುವ ಸಾದಾ ತಂತಿ ಹಾಕುತ್ತೇನೆ ಎಂದರು. ಒಪ್ಪದವಳು ಹುಡುಗಿ. ಶಾಲೆ ಮುಗಿಯುವ ಹೊತ್ತಿಗೆ ಕ್ಲಿಪ್ ಬಿಚ್ಚಿರಬೇಕು ಎನ್ನುವುದು ಅವಳ ಲೆಕ್ಕ. ಇಷ್ಟು ದಿನ ನೋವು ತಿಂದಿದ್ದೇ ಅದಕ್ಕೆ. "ನಿಲ್ಲಿಸಿಬಿಡ್ತೀರ, ಆಮೇಲೆ ಯಾವತ್ತೂ ಶುರು ಮಾಡಲ್ಲ" ಎಂದಳು. ಸುಮ್ನೆ ಸಮಾಧಾನ ಹೇಳಿದರೆ ಕೇಳುವ ಹುಡುಗಿ ಅಲ್ಲ. ಹಾಗಾಗಿ ಮತ್ತೆ ಶುರು ಮಾಡಲು ಏನಾಗಬೇಕು ಎಂದು ಬರೆದುಕೊಟ್ಟೆವು: ರಕ್ತ ಬರುವ ಜಾಗ ನೂರಕ್ಕೆ 20ಕ್ಕಿಂತ ಕಮ್ಮಿ ಆಗಬೇಕು, ಐದು ಮಿಲಿಮೀಟರ್ ಜೇಬು ಇರಬಾರದು. ಎಚ್‌ಬಿಎ1ಸಿಯನ್ನು ಬೇಕೆಂದೇ ಆ ಪಟ್ಟಿಯಲ್ಲಿ ಸೇರಿಸಲಿಲ್ಲ. ಆ ನಂಬರ್ ಅವಳ ಕೈ ಮೀರಿದ ಹತ್ತು ಕಾರಣಕ್ಕೆ ಏರಬಹುದು. ರಕ್ತ ಬರುವುದು ಹಾಗಲ್ಲ. ಬಹುಮಟ್ಟಿಗೆ ಅವಳ ಬ್ರಷ್‌ನಿಂದಲೇ ಕಮ್ಮಿಯಾಗುವಂಥದ್ದು.

ಕ್ಲೀನಿಂಗ್ ಅನ್ನು ಒಂದೊಂದು ಸಲಕ್ಕೆ ಒಂದೊಂದು ಪಕ್ಕ ಮಾಡಿದೆವು, ಇನ್ನೊಂದು ಪಕ್ಕದಲ್ಲಿ ಅಗಿಯಲು ಆಗಲಿ ಎಂದು. ಬೆಳಗಿನ ತಿಂಡಿ, ಇನ್ಸುಲಿನ್ ಎರಡೂ ಆದ ಮೇಲಿನ ಹೊತ್ತು. ಕುರ್ಚಿಯಲ್ಲಿ ಕೂರುವ ಮೊದಲು ಶುಗರ್ ನೋಡುವುದು, 70ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಸರಿ ಮಾಡುವುದು. ಟ್ರೇಯಲ್ಲಿ ಗ್ಲೂಕೋಸ್ ಮಾತ್ರೆ. ನಿಜವಾದ ಅಪಾಯ ಇರುವುದು ಆಮೇಲೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ತುಟಿ-ನಾಲಿಗೆ ಎರಡು-ಮೂರು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಜಡವಾಗಿರುತ್ತದೆ. ಮನೆಗೆ ಹೋಗಿ ಅಭ್ಯಾಸದಂತೆ ಇನ್ಸುಲಿನ್ ತಗೊಂಡು, ಊಟ ಮಾಡಲಾಗದೆ ಕೂತರೆ ಶಾಲೆಯಲ್ಲಿ ಆದದ್ದೇ ಮತ್ತೆ ಆಗುತ್ತದೆ. ಆ ದಿನಗಳಿಗೆ ಮಾತ್ರ ಊಟ ಆದ ತಕ್ಷಣ, ತಿಂದಷ್ಟಕ್ಕೆ ಲೆಕ್ಕ ಹಾಕಿ ಇನ್ಸುಲಿನ್ ತಗೊಳ್ಳಲಿ ಎಂದು ಡಯಾಬಿಟಿಸ್ ಡಾಕ್ಟರ್ ಹೇಳಿದರು. ಅದನ್ನು ನೆನಪಿಸಲು ಅಮ್ಮನ ಫೋನಿನಲ್ಲಿ ಅಲಾರಾಂ.

ಮನೆಯಲ್ಲಿ ಮಾಡಬೇಕಾದ್ದು ಹೆಚ್ಚೇನೂ ಇರಲಿಲ್ಲ. ಮೆದು ಬ್ರಷ್, ಕ್ಲಿಪ್‌ನ ತಂತಿಯ ಕೆಳಗೆ ತೂರುವ ಸಣ್ಣ ಕುಂಚದಂಥ ಬ್ರಷ್, ರಕ್ತ ಬಂದರೂ ನಿಲ್ಲಿಸದಿರುವುದು. ಎರಡು ವಾರ ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಲು ಹೇಳಿದ್ದೆ. ಐದಾರು ದಿನಕ್ಕೇ ಬಿಟ್ಟಳು. ಬ್ರಾಕೆಟ್ ಸುತ್ತ ಕಂದು ಕಲೆ ಕಟ್ಟಿತ್ತು, ರುಚಿಯೂ ಕೆಟ್ಟಿತ್ತು. ಇದು ಆ ಔಷಧದ ಗೊತ್ತಿರುವ ಗುಣ. ಹದಿನಾರರ ಹುಡುಗಿಗೆ ಮುಂದಿನ ಹಲ್ಲಿನ ಮೇಲೆ ಕಲೆ ಇಟ್ಟುಕೊಂಡು ಶಾಲೆಗೆ ಹೋಗು ಎನ್ನುವುದು ಸುಲಭ, ಅವಳು ಹೋಗಬೇಕಲ್ಲ. ಒತ್ತಾಯ ಮಾಡಲಿಲ್ಲ. ಕುಂಚದ ಬ್ರಷ್ ಬಿಡದಿದ್ದರೆ ಸಾಕು ಎಂದೆ.

ರಾತ್ರಿಯದ್ದೂ ಒಂದು ಇತ್ತು. ಅವಳಿಗೆ ಆಗಾಗ ನಡುರಾತ್ರಿ ಶುಗರ್ ಇಳಿಯುತ್ತಿತ್ತು. ಹಾಸಿಗೆಯಲ್ಲೇ ಹಣ್ಣಿನ ರಸ ಕುಡಿದು ಮಲಗುತ್ತಿದ್ದಳು. ನಿದ್ದೆಯಲ್ಲಿ ಜೊಲ್ಲು ಕಮ್ಮಿ, ಬಾಯಿ ತುಂಬ ಸಕ್ಕರೆ. ಹುಳುಕಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಆದರೆ ಲೋ ಆದಾಗ ಸಕ್ಕರೆ ತಗೊಳ್ಳಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಶುಗರ್ ಸರಿಹೋದ ಮೇಲೆ ಒಂದೆರಡು ಗುಟುಕು ನೀರಿನಿಂದ ಬಾಯಿ ಮುಕ್ಕಳಿಸಿ ಮಲಗು ಎಂದೆವು, ಅಷ್ಟೇ. ರಾತ್ರಿ ಎದ್ದು ಬ್ರಷ್ ಮಾಡು ಎಂದರೆ ಯಾರೂ ಮಾಡುವುದಿಲ್ಲ.

ಏನಾಯಿತು

ಮೂರನೇ ವಾರ ಎಜುಕೇಟರ್ ಫೋನ್ ಮಾಡಿದರು. ಅವಳ ಸೆನ್ಸರ್ ರಾತ್ರಿ ಮತ್ತೆ ಮತ್ತೆ ಕೂಗುತ್ತಿದೆ, ಹಗಲಲ್ಲೂ ಊಟದ ಎರಡು ಗಂಟೆಯ ನಂತರ ಶುಗರ್ ಕೆಳಗಿಳಿಯುತ್ತಿದೆ.

ಮೊದಲು ಎಲ್ಲರಿಗೂ ಅನ್ನಿಸಿದ್ದು ಒಂದೇ: ಉರಿಯೂತ ಇಳಿದಿದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತಿದೆ! ಸ್ವಲ್ಪ ಮಟ್ಟಿಗೆ ಇರಬಹುದು. ದೊಡ್ಡ ಕಾರಣ ಅದಲ್ಲ ಎಂದು ಡಯಾಬಿಟಿಸ್ ಡಾಕ್ಟರ್ ಹೇಳಿದರು. ಕಳೆದ ಎರಡು ವರ್ಷದಿಂದ ಡೋಸ್ ಏರಿಸುತ್ತಾ ಬಂದದ್ದು ಅವಳು ಎಲ್ಲವನ್ನೂ ತಗೊಳ್ಳುತ್ತಿದ್ದಾಳೆ ಎಂದು ನಂಬಿ. ಅವಳು ತಿಂಗಳಿಗೆ ಹಲವು ದಿನ ಊಟದ ಇನ್ಸುಲಿನ್ ತಗೊಳ್ಳುತ್ತಲೇ ಇರಲಿಲ್ಲ. ಈಗ ಬಾಯಿ ನೋವಿಲ್ಲ, ಎಷ್ಟು ತಿನ್ನುತ್ತೇನೆ ಎಂದು ಗೊತ್ತು, ಊಟಕ್ಕೆ ಮೊದಲೇ ತಗೊಳ್ಳುತ್ತಿದ್ದಾಳೆ. ಹಾಳೆಯ ಮೇಲಿನ ಡೋಸ್ ಪೂರ್ತಿ ದೇಹಕ್ಕೆ ಹೋಗುತ್ತಿರುವುದು ಈಗಲೇ. ಅದು ಅವಳಿಗೆ ಜಾಸ್ತಿ. ಅವತ್ತೇ ಸುಮಾರು ಐದನೇ ಒಂದು ಭಾಗ ಇಳಿಸಿದರು. ಒಂದು ವಾರದಲ್ಲಿ ರಾತ್ರಿಯ ಕೂಗು ನಿಂತಿತು.

ಇಡೀ ಪ್ರಕರಣದಲ್ಲಿ ಅಪಾಯಕ್ಕೆ ಹತ್ತಿರ ಹೋದ ಹೊತ್ತು ಇದು. ನೋವು ಹೋದರೆ, ಹಿಂಜರಿಕೆ ಹೋದರೆ, ಹಳೆಯ ಡೋಸ್ ಒಮ್ಮೆಲೇ ಹೆಚ್ಚಾಗಿಬಿಡಬಹುದು. ಚಿಕಿತ್ಸೆ ಶುರುವಾದ ಸುದ್ದಿ ಡಯಾಬಿಟಿಸ್ ಕ್ಲಿನಿಕ್‌ಗೆ ಗೊತ್ತಿಲ್ಲದೆ ಇದ್ದಿದ್ದರೆ ಆ ಕೆಲವು ವಾರ ಅವಳ ಪಾಲಿಗೆ ಕಷ್ಟವಾಗುತ್ತಿತ್ತು.

ಮೂರು ತಿಂಗಳಿಗೆ ಮತ್ತೆ ಅಳೆದೆವು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಬೇಗ ಎಚ್‌ಬಿಎ1ಸಿ ನೋಡಿದರೆ ಹಳೆಯ ದಿನಗಳ ನೆರಳೇ ಜಾಸ್ತಿ ಕಾಣುತ್ತದೆ, ಅದಕ್ಕೇ ಅಲ್ಲಿಯ ತನಕ ಕಾದದ್ದು. ರಕ್ತ ಬರುವ ಜಾಗ 64ರಿಂದ 18ಕ್ಕೆ ಇಳಿದಿತ್ತು. ಮುಂದಿನ ಒಸಡು ಕತ್ತರಿಯ ಗೊಡವೆಯಿಲ್ಲದೆ ತನ್ನ ಜಾಗಕ್ಕೆ ಮರಳಿತ್ತು, ಬ್ರಾಕೆಟ್‌ಗಳು ಪೂರ್ತಿ ಕಾಣುತ್ತಿದ್ದವು. ದವಡೆ ಹಲ್ಲಿನ ಐದು, ನಾಲ್ಕಕ್ಕೆ ಬಂದಿತ್ತು. ಎಚ್‌ಬಿಎ1ಸಿ 9.9ರಿಂದ 8.4.

ಅಮ್ಮ ಕೈ ಮುಗಿದರು. "ಹಲ್ಲು ಕ್ಲೀನ್ ಮಾಡಿಸಿದ್ದಕ್ಕೇ ಶುಗರ್ ಇಷ್ಟು ಇಳೀತು ನೋಡಿ." ಅಲ್ಲ ಎಂದು ಹೇಳಬೇಕಾಯಿತು.

ಈ ಮಾತನ್ನು ಸ್ವಲ್ಪ ಬಿಡಿಸಬೇಕು, ಯಾಕೆಂದರೆ ಇಂಥ ಪ್ರಕರಣಗಳು ಬಾಯಿಂದ ಬಾಯಿಗೆ ಹೋಗುವಾಗ ಪವಾಡ ಆಗಿಬಿಡುತ್ತವೆ. 2022ರಲ್ಲಿ ಬಂದ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ) ವಿಮರ್ಶೆ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಒಸಡಿನ ಚಿಕಿತ್ಸೆ ಆದ ಮೂರು-ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ ಸರಾಸರಿ 0.43ರಷ್ಟು ಇಳಿದಿತ್ತು, ಆರು ತಿಂಗಳಿಗೆ 0.30. ಅದಕ್ಕೂ ಮೊದಲು, 2013ರಲ್ಲಿ, ಅಮೆರಿಕದಲ್ಲಿ 500ಕ್ಕೂ ಹೆಚ್ಚು ಜನರ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯಲ್ಲಿ ಏನೂ ಇಳಿದಿರಲಿಲ್ಲ. ಇವರಲ್ಲಿ ಬಹುತೇಕ ಎಲ್ಲರೂ ಟೈಪ್ 2 ಇರುವ ದೊಡ್ಡವರು. ಟೈಪ್ 1 ಇರುವ ಹರೆಯದವರ ಬಗ್ಗೆ ಇರುವ ಪುರಾವೆ ತೆಳು. ಅವಳದು ಇಳಿದದ್ದು 1.5. ಅದರಲ್ಲಿ ಒಸಡಿನ ಉರಿಯೂತಕ್ಕೆ ಸಲ್ಲಬೇಕಾದ ಪಾಲು ಸಣ್ಣದು ಎಂದೇ ನನ್ನ ಅಂದಾಜು. ದೊಡ್ಡ ಪಾಲು ಸಲ್ಲಬೇಕಾದ್ದು ಅವಳು ನೋವಿಲ್ಲದೆ ಊಟ ಮಾಡಿ, ಊಟಕ್ಕೆ ಮೊದಲು ಇನ್ಸುಲಿನ್ ತಗೊಂಡದ್ದಕ್ಕೆ. ಆ ಮೂರು ತಿಂಗಳು ತಂತಿ ಬಿಗಿ ಮಾಡದೇ ಇದ್ದದ್ದಕ್ಕೂ ಒಂದಿಷ್ಟು. ಒಂದೇ ಸಲಕ್ಕೆ ನಾಲ್ಕು ಬದಲಾವಣೆ ಮಾಡಿ, ಇದೇ ಕಾರಣ ಎಂದು ಒಂದರ ಕಡೆ ಬೆರಳು ತೋರಿಸಲಾಗದು.

ಪಾಲು ಸಣ್ಣದಾದರೆ ಒಸಡಿನ ಚಿಕಿತ್ಸೆ ಯಾಕೆ ಬೇಕು ಎಂದು ಯಾರಾದರೂ ಕೇಳಬಹುದು. ಒಸಡಿಗಾಗಿಯೇ ಬೇಕು! ಹದಿನಾರಕ್ಕೆ ಮೂಳೆ ಕಳೆದುಕೊಳ್ಳುತ್ತಿರುವ ಬಾಯಿಗೆ ಚಿಕಿತ್ಸೆ ಕೊಡಲು ಶುಗರ್‌ನ ಶಿಫಾರಸು ಬೇಕಿಲ್ಲ. ಶುಗರ್ ಇಳಿಸುವ ಆಸೆ ತೋರಿಸಿ ಕ್ಲೀನಿಂಗ್ ಮಾಡಿಸಿದರೆ, ಮುಂದೆ ಶುಗರ್ ಏರಿದ ದಿನ "ಇದರಿಂದೇನೂ ಆಗಲ್ಲ" ಎಂದು ಬ್ರಷ್ಷನ್ನೂ ಬಿಡುತ್ತಾರೆ.

ಹಾಗೆ ಏರಿಯೂ ಏರಿತು. ಆರನೇ ತಿಂಗಳ ಹೊತ್ತಿಗೆ ಶಾಲೆಯ ದೊಡ್ಡ ಪರೀಕ್ಷೆ ಬಂತು. ರಾತ್ರಿ ನಿದ್ದೆಗೆಟ್ಟು ಓದು, ಹೊತ್ತಲ್ಲದ ಹೊತ್ತಲ್ಲಿ ತಿಂಡಿ. ಎಚ್‌ಬಿಎ1ಸಿ 8.7 ಆಯಿತು. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಮತ್ತೆ ರಕ್ತ ಬರತೊಡಗಿತು. ಜೊಲ್ಲು ಸುರಿಯುವ ಗ್ರಂಥಿಗಳು ಅಲ್ಲೇ ಇರುವುದರಿಂದ ಟಾರ್ಟರ್ ಬೇಗ ಕಟ್ಟುವ ಜಾಗ ಅದು. ಆದರೆ ಈ ಸಲ ಅವಳೇ ಫೋನ್ ಮಾಡಿಸಿ ಬಂದಿದ್ದಳು, ಕೊಟ್ಟ ತಾರೀಖಿಗೆ ಮೊದಲೇ. ಆ ಜಾಗಕ್ಕಷ್ಟೇ ಕ್ಲೀನಿಂಗ್ ಮಾಡಿ ಕಳಿಸಿದೆ.

ನಂತರ ಬದಲಾದದ್ದು

ಎಳೆಯುವ ತಂತಿ ಮತ್ತೆ ಹಾಕಿದ್ದು ನಾಲ್ಕನೇ ತಿಂಗಳಲ್ಲಿ, ಬರೆದುಕೊಟ್ಟ ಎರಡೂ ಷರತ್ತು ಮುಗಿದ ಮೇಲೆ. ಈಗ ಕ್ಲಿಪ್ ಡಾಕ್ಟರ್ ಒಂದೇ ಸಲಕ್ಕೆ ಜಾಸ್ತಿ ಬಿಗಿ ಮಾಡುವುದಿಲ್ಲ. ಭೇಟಿಯ ತಾರೀಖು ಎಜುಕೇಟರ್‌ಗೂ ಹೋಗುತ್ತದೆ. ಆ ಮೂರ್ನಾಲ್ಕು ದಿನಕ್ಕೆ ಬೇರೆಯದೇ ಲೆಕ್ಕ: ಊಟಕ್ಕೆ ಮೊದಲು ಅರ್ಧ ಇನ್ಸುಲಿನ್, ತಿಂದು ಮುಗಿಸಿದ ತಕ್ಷಣ ಉಳಿದದ್ದು, ತಿಂದಷ್ಟಕ್ಕೆ. ಇದು ಅವಳ ಡಾಕ್ಟರ್ ಅವಳಿಗೆಂದೇ ಮಾಡಿದ ಲೆಕ್ಕ. ಓದಿದವರು ತಮ್ಮ ಮಕ್ಕಳಿಗೆ ಹಾಗೇ ಹಚ್ಚಬಾರದು, ಅವರವರ ಡಾಕ್ಟರನ್ನೇ ಕೇಳಬೇಕು. ನೋವಿನ ಮಾತ್ರೆ ತಗೊಂಡ ದಿನ ಸೆನ್ಸರ್ ಜೊತೆ ಬೆರಳು ಚುಚ್ಚಿಯೂ ನೋಡುತ್ತಾಳೆ.

ನಮ್ಮ ದಂತ ಚಿಕಿತ್ಸಾಲಯದ ಫಾರಂನಲ್ಲಿ ಡಯಾಬಿಟಿಸ್ ಇದೆ ಎಂದು ಟಿಕ್ ಹಾಕುವ ಚೌಕದ ಪಕ್ಕ ಈಗ ಎರಡು ಸಾಲು ಜಾಗ ಇದೆ. ಕೊನೆಯ ಎಚ್‌ಬಿಎ1ಸಿ ಎಷ್ಟು, ಯಾವ ತಿಂಗಳದ್ದು. ಬಾಯಿಯ ನೋವಿನಿಂದ ಊಟ ಬಿಟ್ಟದ್ದು ಅಥವಾ ಇನ್ಸುಲಿನ್ ತಡ ಮಾಡಿದ್ದು ಇದೆಯಾ. ಎರಡನೇ ಪ್ರಶ್ನೆಯನ್ನು ಮಗುವಿಗೇ ಕೇಳಬೇಕು, ಸಾಧ್ಯವಾದರೆ ಅಪ್ಪ-ಅಮ್ಮ ಹೊರಗೆ ಕೂತಿರುವಾಗ. ಬೈಗುಳಕ್ಕೆ ಹೆದರುವ ಮಗು ನಿಜ ಹೇಳುವುದಿಲ್ಲ. ಡಯಾಬಿಟಿಸ್ ಕ್ಲಿನಿಕ್ ಕಡೆಯವರು ಇನ್ನೂ ಸುಲಭದ ಪ್ರಶ್ನೆ ಸೇರಿಸಿಕೊಂಡರು: ಬ್ರಷ್ ಮಾಡಿದಾಗ ರಕ್ತ ಬರುತ್ತಾ? ಹೌದು ಎಂದವರನ್ನು ಒಸಡು ನೋಡುವವರ ಬಳಿ ಕಳಿಸುತ್ತಾರೆ. ಕಣ್ಣು, ಪಾದ, ಮೂತ್ರಪಿಂಡವನ್ನು ಕ್ರಮವಾಗಿ ಪರೀಕ್ಷಿಸುವ ಕಡೆ ಬಾಯಿ ಬಿಟ್ಟುಹೋಗುವುದು ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹಲ್ಲಿನ ತಪಾಸಣೆಗೆ ಕಳಿಸಬೇಕು ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್‌ನ ಮಾರ್ಗಸೂಚಿಯಲ್ಲೂ ಇದೆ. ಕಾಗದದಲ್ಲಿ ಇರುವುದು ಕೋಣೆಗೆ ಇಳಿದಿಲ್ಲ, ಅಷ್ಟೇ.

ವರ್ಷ ತುಂಬಿದಾಗ ಅವಳ ಎಚ್‌ಬಿಎ1ಸಿ 8.1 ಇತ್ತು. ಇನ್ನೂ ಜಾಸ್ತಿಯೇ. ಇನ್ಸುಲಿನ್ ಪಂಪ್ ಹಾಕುವ ಮಾತು ನಡೆದಿದೆ. ರಕ್ತ ಬರುವ ಜಾಗ ನೂರಕ್ಕೆ 15ರ ಹತ್ತಿರ. ಎಕ್ಸ್‌ರೇಯಲ್ಲಿ ದವಡೆಯ ಮೂಳೆ ಇನ್ನೂ ಕೆಳಗೆ ಹೋಗಿಲ್ಲ. ಬಲಗಡೆಯ ಕೆಳ ದವಡೆ ಹಲ್ಲಿನ ಹಿಂಬದಿಯಲ್ಲಿ ಒಂದು ನಾಲ್ಕು ಮಿಲಿಮೀಟರ್ ಜೇಬು ಮಾತ್ರ ಹಾಗೇ ಇದೆ, ಮುಟ್ಟಿದರೆ ಒಮ್ಮೊಮ್ಮೆ ರಕ್ತ ಬರುತ್ತದೆ. ಕ್ಲಿಪ್ ಬಿಚ್ಚಿದ ಮೇಲೆ ಆ ಜಾಗಕ್ಕೆ ಬ್ರಷ್ ಸಲೀಸಾಗಿ ಹೋಗುತ್ತದೆ. ಆಗಲೂ ಉಳಿದರೆ ಸಣ್ಣ ಸರ್ಜರಿ ಬೇಕಾಗಬಹುದು. ಅಲ್ಲಿಯ ತನಕ ಮೂರು ತಿಂಗಳಿಗೊಮ್ಮೆ ಬರುತ್ತಾಳೆ. ಸಂಖ್ಯೆಗಳನ್ನು ಈಗ ಸಹಾಯಕಿಯ ಬದಲು ತಾನೇ ಬರೆದುಕೊಳ್ಳುತ್ತೇನೆ ಎನ್ನುತ್ತಾಳೆ. ಬಾಯಿ ತೆರೆದುಕೊಂಡು ಬರೆಯುವುದು ಸ್ವಲ್ಪ ಕಷ್ಟ, ಆದರೂ ಬಿಡುವುದಿಲ್ಲ.